ಮಕ್ಕಳ ಅಲರ್ಜಿ: ಅಂಗಡಿಯ ಸಿರಪ್ ಕುಡಿಸುವ ಮುನ್ನ

ಗುಲ್ಬರ್ಗ ಧರ್ಮಪ್ರಾಂತ್ಯದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಕಲ್ಲುಗಣಿ, ಸಿಮೆಂಟ್ ಧೂಳು ಸಾಲದೆಂಬಂತೆ ತೊಗರಿ ರಾಶಿಯ ಧೂಳೂ ಮಕ್ಕಳನ್ನು ಕಾಡುತ್ತದೆ. ಮೆಡಿಕಲ್ ಅಂಗಡಿಯಿಂದ ಸಿರಪ್ ತರುವ ಪಾಲಕರಲ್ಲಿ, ಅವರಿಗೆ ಸಲಹೆ ನೀಡುವ ಸೇವಾಕರ್ತರಲ್ಲಿ ನಮ್ಮ ವಿನಂತಿ: ಬಾಟಲಿಯ ಮೇಲಿರುವ ಔಷಧದ ಹೆಸರು ಓದಿರಿ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ಶೀತದ ಸಿರಪನ್ನು 4 ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರಲ್ಲಿ ಸೂಚಿಸಿದ್ದಾರೆ. ದೊಡ್ಡ ಮಕ್ಕಳಿಗೂ ಇದರ ಜೊತೆ ಸೆಟಿರಿಜಿನ್ ಸೇರಿಸಿದರೆ ಮಂಪರು ಹೆಚ್ಚುತ್ತದೆ. ಮಗು ಮಲಗಲಿ ಎಂದು ಕುಡಿಸುವುದಂತೂ ಅಪಾಯವೇ ಸರಿ. ಪ್ರಮಾಣವನ್ನು ವಯಸ್ಸು, ತೂಕ ನೋಡಿ ವೈದ್ಯರೇ ಹೇಳಲಿ. ಅಳೆಯಲು ಅಡುಗೆಮನೆಯ ಚಮಚ ಬೇಡ, ಮಿ.ಲೀ. ಗೆರೆಯ ಮುಚ್ಚಳ ಬಳಸಿರಿ. ಉಬ್ಬಸಕ್ಕೆ ಇದು ಔಷಧವಲ್ಲ. ತುಟಿ, ಮುಖ ಊದಿಕೊಂಡು ಉಸಿರಾಟ ಕಷ್ಟವಾದರೆ ಸಿರಪ್ ಹುಡುಕುತ್ತ ಕೂರದೆ ತಕ್ಷಣ 108ಕ್ಕೆ ಕರೆ ಮಾಡಿರಿ.