ಊಹೆಯ ಬಾಡಿಗೆಯಿಂದ ಚದರಡಿಯ ಲೆಕ್ಕಕ್ಕೆ

ಬೆಂಗಳೂರಿನಲ್ಲಿ 2000ಕ್ಕೆ ಮೊದಲು ಮನೆ ಕಂದಾಯದ ಲೆಕ್ಕ ಶುರುವಾಗುತ್ತಿದ್ದುದು ಒಂದು ಊಹೆಯಿಂದ. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು? ಮನೆಯಲ್ಲಿ ಮಾಲೀಕನೇ ವಾಸವಿರಲಿ, ಮೂರು ತಲೆಮಾರಿನಿಂದ ಒಬ್ಬ ಬಾಡಿಗೆದಾರನೂ ಅಲ್ಲಿಗೆ ಕಾಲಿಟ್ಟಿರದಿರಲಿ, ಪ್ರಶ್ನೆ ಮಾತ್ರ ಅದೇ. ಆ ಊಹೆಯ ಬಾಡಿಗೆಯಿಂದ ದುರಸ್ತಿ ಖರ್ಚಿಗೆಂದು ಒಂದು ಪಾಲು ಕಳೆದರೆ ಉಳಿಯುವುದು ವಾರ್ಷಿಕ ಕರಾರ್ಹ ಮೌಲ್ಯ. ನಮ್ಮ ಬಾಯಲ್ಲಿ ಎ.ಆರ್.ವಿ. ಅದರ ಮೇಲೆ ಶೇಕಡಾ ಇಷ್ಟು ಎಂದು ತೆರಿಗೆ. ಎಂಬತ್ತರ ದಶಕದ ಮೊದಲಲ್ಲಿ ಕಂದಾಯದ ಕೆಲಸಕ್ಕೆ ಸೇರಿದ ನಾನು ನಿವೃತ್ತನಾಗುವಷ್ಟರಲ್ಲಿ ಈ ಊಹೆ ಹೋಗಿ ಚದರಡಿಯ ಲೆಕ್ಕ ಬಂದಿತ್ತು. ಆ ಬದಲಾವಣೆಯನ್ನು ಹತ್ತಿರದಿಂದ ಕಂಡವರು ಈಗ ಕಡಿಮೆಯಾಗುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮನೆಯ ಮೇಲೆ ತೆರಿಗೆ ಹಾಕುವುದು ನಮ್ಮ ನಾಡಿಗೆ ಹೊಸದಲ್ಲ. ಮಧ್ಯಕಾಲದ ನಮ್ಮ ಶಾಸನಗಳನ್ನು ಓದಿದವರಿಗೆ ಮನೆದೆರೆ, ಮಗ್ಗದೆರೆ, ಗಾಣದೆರೆ, ಮದುವೆದೆರೆ ಎಲ್ಲ ಪರಿಚಿತ. ದೇವಸ್ಥಾನಕ್ಕೋ ಅಗ್ರಹಾರಕ್ಕೋ ದತ್ತಿ ಬಿಡುವಾಗ ಇಂಥಿಂಥ ತೆರೆಗಳನ್ನು ಮಾನ್ಯ ಮಾಡಿದೆವು ಎಂದು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಮುಂದೆ ಮೈಸೂರು ಸೀಮೆಯಲ್ಲಿ ಊರೊಳಗಿನ ಮನೆ, ಅಂಗಡಿ, ಮಗ್ಗ, ಗಾಣಗಳ ಮೇಲಿನ ಕರವನ್ನು ಒಟ್ಟಾಗಿ ಮೊಹತರ್ಫ ಎಂದರು. ಹೊಲಗದ್ದೆಯ ಕಂದಾಯ ಬೇರೆ, ಇದು ಬೇರೆ.

ಆ ಹಳೆಯ ತೆರಿಗೆಗಳ ಸ್ವರೂಪ ಹೇಗಿತ್ತೆಂದು ತಿಳಿಯಬೇಕಾದರೆ 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದ ಕಾಗದಗಳನ್ನು ನೋಡಬೇಕು. ಕಬ್ಬನ್ ರದ್ದು ಮಾಡಿದ ಚಿಲ್ಲರೆ ತೆರಿಗೆಗಳ ಸಂಖ್ಯೆ 769. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ನಾಮಕರಣಕ್ಕೆ ತೆರಿಗೆ, ಚೌಲಕ್ಕೆ ತೆರಿಗೆ. ಒಂದು ಹಳ್ಳಿಯವರಂತೂ ಎಂದೋ ತಪ್ಪಿಸಿಕೊಂಡ ಪಾಳೆಯಗಾರನ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲ ಎಂಬ ಕಾರಣಕ್ಕೆ ತೆರಿಗೆ ಕಟ್ಟುತ್ತಿದ್ದರು. ಮಲೆನಾಡಿನ ನಗರ ಸೀಮೆಯಲ್ಲಿ ಒಂದು ಜಾಗವನ್ನು ದಾಟುವಾಗ ಕೈಗಳನ್ನು ಮೈಗೆ ಒತ್ತಿಕೊಂಡು ನಡೆಯದಿದ್ದವನೂ ಕಟ್ಟಬೇಕಿತ್ತು. ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬರಲಿಲ್ಲ. ಕುದುರೆ ಸತ್ತು, ಪಾಳೆಯಗಾರ ಸತ್ತು ಎಷ್ಟೋ ಕಾಲವಾದ ಮೇಲೂ ಯಾವನೋ ಬಡವ ಏಕೆ, ಎಷ್ಟು ಎಂದು ಕೇಳುವ ದಾರಿಯಿಲ್ಲದೆ ದುಡ್ಡು ಎಣಿಸಿ ಕೊಡುತ್ತಿದ್ದನಲ್ಲ ಎಂದು ಸಂಕಟವಾಯಿತು.

1862ರಲ್ಲಿ ಬೆಂಗಳೂರು ಪೇಟೆಗೂ ದಂಡಿಗೂ ಬೇರೆಬೇರೆ ಮುನಿಸಿಪಾಲಿಟಿಗಳಾದವು. ಬೀದಿ ದೀಪ, ಚರಂಡಿ, ಕಸ ಎತ್ತುವುದು ಇವಕ್ಕೆಲ್ಲ ಊರಿನವರೇ ಹಣ ಹೊಂದಿಸಬೇಕು ಎಂಬ ಏರ್ಪಾಡು ಆಗಿನಿಂದ ಬೇರೂರಿತು. ಎರಡೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಬಾಡಿಗೆಯನ್ನು ಅಳತೆಗೋಲಾಗಿ ಹಿಡಿಯುವ ಪದ್ಧತಿ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ ಬಡವರ ಪೋಷಣೆಗೆ ಪ್ಯಾರಿಷ್‌ಗಳು ಎತ್ತುತ್ತಿದ್ದ ಕರಕ್ಕೆ, ಮನೆ ವರ್ಷಕ್ಕೆ ತರಬಹುದಾದ ಬಾಡಿಗೆಯೇ ಆಧಾರ ಎಂದು 1836ರ ಕಾಯ್ದೆ ಗೊತ್ತುಮಾಡಿತ್ತು. ಅದೇ ಸೂತ್ರ ಇಲ್ಲಿನ ಮುನಿಸಿಪಲ್ ಕಾನೂನುಗಳಿಗೂ ಇಳಿದು, ಕರ್ನಾಟಕದ 1976ರ ಪೌರನಿಗಮಗಳ ಕಾಯ್ದೆಯಲ್ಲಿಯೂ ಕೂತಿತು.

ಆದರೂ ಬಹಳ ಕಾಲ ಮನೆ ಕಂದಾಯದ ಮೇಲೆ ಪಟ್ಟಣಗಳ ಪೂರಾ ಭಾರ ಬಿದ್ದಿರಲಿಲ್ಲ. ಊರಿಗೆ ಬರುವ ಸರಕಿನ ಮೇಲಿನ ಆಕ್ಟ್ರಾಯ್ ಇತ್ತು. ನಾಕಾಗಳಲ್ಲಿ ಲಾರಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದುದು ನನ್ನ ವಯಸ್ಸಿನವರಿಗೆ ನೆನಪಿದೆ. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ತೆಗೆದುಹಾಕಿತು. ನಾನು ಕೆಲಸಕ್ಕೆ ಸೇರುವಷ್ಟರಲ್ಲಿ ಪಟ್ಟಣಗಳು ಸ್ವಂತದ್ದು ಎಂದು ಹೇಳಿಕೊಳ್ಳಬಹುದಾದ ದೊಡ್ಡ ಆದಾಯವೆಂದರೆ ಕಂದಾಯವೊಂದೇ.

ಅಂಥ ಆದಾಯ ನಿಂತಿದ್ದುದು ಊಹೆಯ ಮೇಲೆ. ಅದರ ಕಷ್ಟ ನನಗೆ ಅರ್ಥವಾದದ್ದು ಒಂದು ವಠಾರದಲ್ಲಿ. ನಡುವೆ ಬಾವಿ, ಸುತ್ತ ಸಾಲಾಗಿ ಹೆಂಚಿನ ಮನೆಗಳು, ಬಾಗಿಲ ಪಕ್ಕದ ಮನೆಯಲ್ಲಿ ಮಾಲೀಕರಾದ ಅಜ್ಜಿ. ಅಳತೆ ಟೇಪಿನ ಒಂದು ತುದಿಯನ್ನು ಜವಾನ ಗೋಡೆಗೆ ಹಿಡಿದಿದ್ದ, ಇನ್ನೊಂದು ನನ್ನ ಕೈಯಲ್ಲಿ. ಉದ್ದ, ಅಗಲ, ನೆಲ ಗಾರೆಯೋ ಮೊಸಾಯಿಕ್ಕೋ, ನಲ್ಲಿ ಒಳಗೋ ಹೊರಗೋ, ಎಲ್ಲ ಬರೆದುಕೊಂಡೆ. ಅಜ್ಜಿ ಟ್ರಂಕಿನಿಂದ ಹಳೆಯ ರಸೀದಿಗಳ ಕಟ್ಟು ತೆಗೆದು ಜಗುಲಿಯ ಮೇಲೆ ಹರಡಿದರು.

“ನೋಡಪ್ಪಾ, ಪಕ್ಕದ ವಠಾರವೂ ಹೀಗೇ ಇದೆ. ಅವರಿಗೆ ನನ್ನದರ ಅರ್ಧ ಕಂದಾಯ. ಯಾಕೆ ಹೇಳು?”

“ಅವರದ್ದು ಹಿಂದಿನ ಅಸೆಸ್‌ಮೆಂಟ್ ಅಜ್ಜಿ. ನಿಮ್ಮದು ಈಚೆಗೆ ರಿವಿಷನ್ ಆಗಿದೆ.”

“ಅವರ ಗೋಡೆ ಹಿಂದಿನದು, ನನ್ನದು ಈಚಿನದೇ? ಎರಡನ್ನೂ ಒಬ್ಬನೇ ಮೇಸ್ತ್ರಿ ಕಟ್ಟಿದ್ದು.”

ಕಾನೂನಿನ ಪ್ರಕಾರ ನನ್ನ ಉತ್ತರ ಸರಿಯೇ ಇತ್ತು. ನ್ಯಾಯದ ಪ್ರಕಾರ ಅಜ್ಜಿಯ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ಯಾವ ವರ್ಷ ಕಡತ ಮೇಜಿನ ಮೇಲೆ ಬಂತೋ ಆ ವರ್ಷದ ಬಾಡಿಗೆ ಆ ಮನೆಗೆ ಅಂಟಿಕೊಂಡಿರುತ್ತಿತ್ತು. ಹಳೆಯ ದೊಡ್ಡ ಬಂಗಲೆಗೆ ಸಣ್ಣ ಕಂದಾಯ, ಹೊಸ ಬಡಾವಣೆಯ ಪುಟ್ಟ ಮನೆಗೆ ದೊಡ್ಡ ಕಂದಾಯ. ವಿಶೇಷ ನೋಟೀಸು ಹೋದರೆ ಆಕ್ಷೇಪಣೆ, ಆಕ್ಷೇಪಣೆ ತೀರಿದರೆ ಅಪೀಲು. ಲೆಕ್ಕ ಹಾಕುವವನ ತಲೆಯೊಳಗೇ ಲೆಕ್ಕ ಇದ್ದಾಗ ಚೌಕಾಸಿಗೆ ಜಾಗವಾಗದೆ ಇರುವುದಿಲ್ಲ.

ಇದಕ್ಕೆ ಬಾಡಿಗೆ ನಿಯಂತ್ರಣದ ಗಂಟೂ ಸೇರಿಕೊಂಡಿತ್ತು. ಬಾಡಿಗೆ ಕಾಯ್ದೆ ಒಪ್ಪುವ ನ್ಯಾಯಬಾಡಿಗೆಗಿಂತ ಹೆಚ್ಚನ್ನು ಕಂದಾಯದ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಅರವತ್ತರ ದಶಕದಿಂದ ಕಲ್ಕತ್ತ, ಗುಂಟೂರು, ದೆಹಲಿಯ ಮೊಕದ್ದಮೆಗಳಲ್ಲಿ ಹೇಳುತ್ತ ಬಂದಿತ್ತು. ಮಾಲೀಕನೇ ವಾಸವಿರುವ ಮನೆಗೂ ಅದೇ ಮಿತಿ. ಪೇಟೆಯಲ್ಲಿ ಬಾಡಿಗೆ ಎಷ್ಟೇ ಏರಲಿ, ಪುಸ್ತಕದ ಬಾಡಿಗೆ ಅಲ್ಲೇ ನಿಲ್ಲುತ್ತಿತ್ತು.

ಹಾಗಾದರೆ ಬಾಡಿಗೆ ಬಿಟ್ಟು ಅಳತೆಯನ್ನೇ ಹಿಡಿಯಬಾರದೇ? ಅದೂ ಸುಲಭವಿರಲಿಲ್ಲ. ಬರೀ ವಿಸ್ತೀರ್ಣ ನೋಡಿ ತೆರಿಗೆ ಹಾಕಿದ್ದ ಕೇರಳದ ಕಾನೂನನ್ನು 1968ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತ್ತು. ನಗರದ ನಡುವಿನ ಮನೆಯನ್ನೂ ಕಾಡಂಚಿನ ಮನೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಮಾನತೆಯಲ್ಲ ಎಂಬುದು ಆ ತೀರ್ಪಿನ ತಿರುಳು. ಗಂಟು ಬಿಡಿಸಿದ್ದು ಪಾಟ್ನಾ. 1993ರಲ್ಲಿ ಅಲ್ಲಿನ ನಗರಪಾಲಿಕೆ ವಿಸ್ತೀರ್ಣದ ಜೊತೆಗೆ ಮನೆ ಇರುವ ರಸ್ತೆ, ಕಟ್ಟಡದ ಬಗೆ, ಬಳಕೆ ಈ ಮೂರನ್ನೂ ಸೇರಿಸಿ ದರ ಪಟ್ಟಿ ಮಾಡಿತು. ನ್ಯಾಯಾಲಯ ಅದನ್ನು ಒಪ್ಪಿತು. ಬೆಂಗಳೂರಿನ ಸುಧಾರಣೆಯ ಮಾತು ಬಂದಾಗ ಪಾಟ್ನಾದ ಹೆಸರನ್ನು ಯಾರೂ ಎತ್ತುವುದಿಲ್ಲ; ನನಗೆ ಅದು ಬೇಸರದ ಸಂಗತಿ.

ಬೆಂಗಳೂರಿಗೆ ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂದದ್ದು 2000ದಲ್ಲಿ, ಎಸ್.ಎಂ. ಕೃಷ್ಣ ಅವರ ಸರ್ಕಾರದ ಕಾಲದಲ್ಲಿ. ಮೊದಲಿಗೆ ಐಚ್ಛಿಕ: ಬೇಕಾದವರು ತಮ್ಮ ಮನೆಯನ್ನು ತಾವೇ ಅಳೆದು ಚದರಡಿಯ ಹೊಸ ಲೆಕ್ಕದಂತೆ ಕಟ್ಟಬಹುದು, ಬೇಡದವರು ಹಳೆಯದರಲ್ಲೇ ಇರಬಹುದು. ಜನ ನಂಬುತ್ತಾರೆಯೇ ಎಂಬ ಅನುಮಾನ ನಮ್ಮಲ್ಲಿ ಅನೇಕರಿಗಿತ್ತು. ಜನ ದರ ಪಟ್ಟಿಯ ಕೈಪಿಡಿ ಹಿಡಿದುಕೊಂಡು ಸಾಲಲ್ಲಿ ನಿಂತರು. ನಿವೃತ್ತ ಮೇಷ್ಟ್ರುಗಳು ಬೀದಿಯವರಿಗೆಲ್ಲ ಫಾರಂ ತುಂಬಿಕೊಟ್ಟರು. ಮಕ್ಕಳ ಸ್ಕೇಲು ಹಿಡಿದು ಅಡುಗೆಮನೆ ಅಳೆದ ಗೃಹಿಣಿಯರೂ ಇದ್ದರು. ಪಕ್ಕದವರು ಎಷ್ಟು ಕಟ್ಟಬೇಕು ಎಂಬುದನ್ನೂ ಅದೇ ಪಟ್ಟಿ ನೋಡಿ ಹೇಳಬಹುದಿತ್ತು. ನನ್ನ ಪಾಲಿಗೆ ಅದೇ ಎಲ್ಲಕ್ಕಿಂತ ದೊಡ್ಡ ಬದಲಾವಣೆ.

2008ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಈ ಪದ್ಧತಿಯನ್ನು ಬಿಗಿಮಾಡಿ, ಆಸ್ತಿ ನೋಂದಣಿಗೆ ಸರ್ಕಾರ ಗೊತ್ತುಮಾಡುವ ಮಾರ್ಗಸೂಚಿ ದರದ ಆಧಾರದಲ್ಲಿ ನಗರವನ್ನು ‘ಎ’ಯಿಂದ ‘ಎಫ್’ವರೆಗೆ ಆರು ವಲಯ ಮಾಡಿತು. ಆಗಿನ ಒಂದು ಲೆಕ್ಕ ನೋಡಿ. ‘ಎ’ ವಲಯದಲ್ಲಿ ಮಾಲೀಕನೇ ವಾಸವಿರುವ 1,000 ಚದರಡಿಯ ಆರ್.ಸಿ.ಸಿ. ಮನೆ. ಚದರಡಿಗೆ ತಿಂಗಳಿಗೆ 2.50 ರೂಪಾಯಿ, 10 ತಿಂಗಳಿಗೆ 25,000. ಸವಕಳಿ ಪಕ್ಕಕ್ಕಿಟ್ಟರೆ, ಅದರ ಶೇ. 20 ಅಂದರೆ 5,000 ತೆರಿಗೆ. ಅದರ ಮೇಲೆ ಶೇ. 24 ಉಪಕರ, 1,200. ಒಟ್ಟು 6,200. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ. 5 ರಿಯಾಯಿತಿ.

ಈ ಲೆಕ್ಕದೊಳಗೆ ಹಳೆಯ ಬಾಡಿಗೆ ಇನ್ನೂ ಉಸಿರಾಡುತ್ತಿದೆ. ವರ್ಷಕ್ಕೆ 12 ತಿಂಗಳ ಬದಲು 10 ಏಕೆ? ಹಿಂದೆ ದುರಸ್ತಿಗೆಂದು ಬಿಡುತ್ತಿದ್ದ ಪಾಲು ಆ ಎರಡು ತಿಂಗಳಲ್ಲಿ ಉಳಿದುಕೊಂಡಿದೆ. ಬಾಡಿಗೆಗೆ ಕೊಟ್ಟ ಮನೆಗೆ ಆಗ ದರ ಇಮ್ಮಡಿ, 5 ರೂಪಾಯಿ. ಉಪಕರದಲ್ಲೂ ಕಥೆಗಳಿವೆ: ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷುಕರ ಪುನರ್ವಸತಿಗೆ 3. ಬಡಾವಣೆಯ ಗ್ರಂಥಾಲಯದಲ್ಲಿ ಸಂಜೆ ಪತ್ರಿಕೆ ಓದುವ ಮುದುಕರು ಯಾರ ಹಂಗಿನಲ್ಲೂ ಇಲ್ಲ. 1965ರ ಗ್ರಂಥಾಲಯ ಕಾಯ್ದೆಯ ದಿನಗಳಿಂದ ಅವರ ಮನೆ ಕಂದಾಯದಲ್ಲೇ ಅದರ ಪಾಲಿದೆ. ಈ ಮಾತನ್ನು ಕಂದಾಯ ಕಟ್ಟಲು ಬಂದವರಿಗೆಲ್ಲ ಹೇಳುತ್ತಿದ್ದೆ.

ರಾಜ್ಯದ ಬೇರೆ ಊರುಗಳು ಮಾರ್ಗಸೂಚಿ ದರದಿಂದ ಲೆಕ್ಕ ಹಾಕುವ ಬಂಡವಾಳ ಮೌಲ್ಯದ ದಾರಿ ಹಿಡಿದವು. ಬೆಂಗಳೂರಿನಲ್ಲೂ 2024ರಲ್ಲಿ ಆ ಪ್ರಸ್ತಾಪ ಬಂತು. ವಿರೋಧ ಎದ್ದ ಮೇಲೆ ವಲಯದ ಪದ್ಧತಿಯೇ ಉಳಿಯಿತು. 2025ರಲ್ಲಿ ನಗರವನ್ನು ಐದು ಪಾಲಿಕೆಗಳಾಗಿ ಹಂಚಲಾಗಿದೆ. ಕಂದಾಯ ಈಗ ಮೊಬೈಲಿನಲ್ಲೇ ಕಟ್ಟಬಹುದು. ಅನುಕೂಲ ನಿಜ. ಆದರೆ ಅವಸರದಲ್ಲಿ ಕಟ್ಟುವವನ ಕಣ್ಣಿಗೆ ಬೀಳುವುದು ಕೊನೆಯ ಮೊತ್ತ ಮಾತ್ರ. ವಲಯ ಯಾವುದು, ಚದರಡಿ ಎಷ್ಟು, ದರ ಎಷ್ಟು, ಸವಕಳಿ ಎಷ್ಟು ಕಳೆದರು ಎಂಬುದೆಲ್ಲ ರಸೀದಿಯ ಮೇಲೇ ಸಾಲುಸಾಲಾಗಿ, ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಬರಬೇಕು. ಹೊಸ ಪಾಲಿಕೆಗಳಿಗೆ ನಾನು ಬರೆದಿರುವ ಪತ್ರದಲ್ಲಿ ಕೇಳಿರುವುದು ಇದೊಂದನ್ನೇ.