ರಕ್ತ ಮರಳುವ ದಾರಿ

ತುಂಡಾದ ಅಂಗವನ್ನು ಮರಳಿ ಜೋಡಿಸುವ ಶಸ್ತ್ರವೈದ್ಯದ ಇತಿಹಾಸವೆಂದರೆ ಅಂಗಕ್ಕೆ ರಕ್ತ ಹರಿಸಿದ ಸಾಹಸವೆಂದೇ ಹಲವರ ಎಣಿಕೆ. ಆದರೆ ರಕ್ತವನ್ನು ಒಳತರುವ ಅಪಧಮನಿಯಷ್ಟೇ, ಒಮ್ಮೊಮ್ಮೆ ಅದಕ್ಕಿಂತ ಹೆಚ್ಚಾಗಿ, ಅದನ್ನು ಹೃದಯದತ್ತ ಮರಳಿ ಒಯ್ಯುವ ಅಭಿಧಮನಿ ವೈದ್ಯರನ್ನು ಕಾಡಿದೆ.

ಫ್ರಾನ್ಸಿನ ಲಿಯಾನ್ ನಗರದ ಅಲೆಕ್ಸಿ ಕರೆಲ್ ಕಸೂತಿ ಕೆಲಸದ ಹೆಂಗಸೊಬ್ಬಳಿಂದ ನವಿರಾದ ಹೊಲಿಗೆ ಕಲಿತು, ಕತ್ತರಿಸಿದ ನಾಳದ ಎರಡು ತುದಿಗಳನ್ನು ಮೂರು ಕಡೆ ದಾರದಿಂದ ಹಿಡಿದೆಳೆದು, ದುಂಡು ಬಾಯಿಯನ್ನು ತ್ರಿಕೋನವಾಗಿಸಿ, ಸೂಜಿ ಎದುರು ಗೋಡೆಗೆ ತಾಗದಂತೆ ಹೊಲಿಯುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದನು. 1912ರ ನೊಬೆಲ್ ಪ್ರಶಸ್ತಿಗೆ ಈ ಕೆಲಸವೂ ಕಾರಣವಾಯಿತು. ಬಾಸ್ಟನ್ನಿನಲ್ಲಿ 1962ರಲ್ಲಿ ರೊನಾಲ್ಡ್ ಮಾಲ್ಟ್ ತಂಡ ಬಾಲಕನ ತೋಳನ್ನೂ, ಶಾಂಘೈನಲ್ಲಿ 1963ರಲ್ಲಿ ಚೆನ್ ಝೊಂಗ್‌ವೆ ತಂಡ ಕಾರ್ಮಿಕನ ಕೈಯನ್ನೂ ಜೋಡಿಸಿದವು. ಬೆರಳಿನ ನಾಳವಾದರೋ ಸುಮಾರು ಒಂದು ಮಿಲಿಮೀಟರ್ ಅಗಲದ್ದು. ಸೂಕ್ಷ್ಮದರ್ಶಕದಡಿ ನಾಳ ಹೊಲಿಯುವುದನ್ನು ಜೂಲಿಯಸ್ ಜೇಕಬ್ಸನ್ 1960ರಲ್ಲಿ ತೋರಿಸಿದ ಮೇಲೆ, 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಉಳಿಸಿದರು.

ಆಮ್ಲಜನಕವಿಲ್ಲದೆ ಮಾಂಸಖಂಡ ಸಾಮಾನ್ಯ ಉಷ್ಣತೆಯಲ್ಲಿ ಸುಮಾರು ಆರು ಗಂಟೆ ತಾಳಿಕೊಂಡರೆ, ಮಾಂಸಖಂಡವಿಲ್ಲದ ಬೆರಳು ಹೆಚ್ಚು ಹೊತ್ತು, ತಣ್ಣಗಿಟ್ಟರೆ ಇನ್ನೂ ಹೆಚ್ಚು ಹೊತ್ತು ತಾಳುತ್ತದೆ. ನಿಜವಾದ ಆತಂಕ ಶುರುವಾಗುವುದು ಜೋಡಣೆಯ ನಂತರ. ಬೆರಳು ಬಿಳಿಚಿಕೊಂಡು ತಣ್ಣಗಾದರೆ ರಕ್ತ ಒಳಬರುತ್ತಿಲ್ಲವೆಂದರ್ಥ. ನೀಲಿಗಟ್ಟಿ ಊದಿಕೊಂಡು, ಉಗುರನ್ನು ಒತ್ತಿ ಬಿಟ್ಟೊಡನೆ ಕ್ಷಣಮಾತ್ರದಲ್ಲಿ ಬಣ್ಣ ಮರಳಿದರೆ ಬಂದ ರಕ್ತಕ್ಕೆ ಹೊರಹೋಗುವ ದಾರಿಯಿಲ್ಲವೆಂದರ್ಥ. ಅಭಿಧಮನಿಯ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ; ಹಾಗಾಗಿ ಅದು ಬೇಗ ಮುದುಡಿಕೊಳ್ಳುತ್ತದೆ, ನಿಂತ ರಕ್ತ ಹೆಪ್ಪುಗಟ್ಟಿ ಅಂಗಾಂಶ ಒಳಗಿಂದಲೇ ಉಸಿರುಗಟ್ಟುತ್ತದೆ.

ಈ ಕೊರತೆಯನ್ನು ನೀಗಲು ಆಧುನಿಕ ವೈದ್ಯ ಮೊರೆಹೊಕ್ಕದ್ದು ಸುಶ್ರುತಸಂಹಿತೆ ವಿವರವಾಗಿ ಹೇಳುವ ಜಿಗಣೆಯನ್ನೇ ಎಂಬುದು ಮನನೀಯ. 1985ರಲ್ಲಿ ಬಾಸ್ಟನ್ನಿನಲ್ಲಿ ಜೋಸೆಫ್ ಅಪ್ಟನ್ ಮಗುವೊಂದರ ಮರುಜೋಡಿಸಿದ ಕಿವಿಗೆ ಜಿಗಣೆ ಹಚ್ಚಿದನು. ಮಲೆನಾಡಿನ ತೋಟದಲ್ಲಿ ಇಂಬಳ ಕಚ್ಚಿಸಿಕೊಂಡವರಿಗೆ ಗೊತ್ತಿರುವಂತೆ, ಅದು ಉದುರಿದ ಮೇಲೂ ಗಾಯ ಒಸರುತ್ತಲೇ ಇರುತ್ತದೆ. ವೈದ್ಯಕೀಯ ಜಿಗಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ದ್ರವ್ಯವಿದೆ. ಗಂಟೆಗಟ್ಟಲೆ ಹೀಗೆ ಜಿನುಗುವ ಕಪ್ಪು ರಕ್ತವೇ ತಾತ್ಕಾಲಿಕ ಅಭಿಧಮನಿಯ ಕೆಲಸ ಮಾಡುತ್ತದೆ. ಕೆಲವು ದಿನಗಳಲ್ಲಿ ಹೊಲಿಗೆಯ ಗೆರೆ ದಾಟಿ ಹೊಸ ಕಿರುನಾಳಗಳು ಬೆಳೆದು, ನೀಲಿ ಕಳೆದು ಚರ್ಮ ಕೆಂಪೇರಿದಾಗ ಜಿಗಣೆ ಹಚ್ಚುವುದನ್ನು ನಿಲ್ಲಿಸುತ್ತಾರೆ.