ಆರು ಮನೆಯ ಪಿಸ್ತೂಲು, ಐದೇ ಗುಂಡು

1885ರ ಜುಲೈ ತಿಂಗಳಿನಲ್ಲಿ ಅಮೆರಿಕದ ಕಾನ್ಸಸ್ ರಾಜ್ಯದ ಡಾಡ್ಜ್ ಸಿಟಿ ಎಂಬ ಊರಿನಿಂದ ಹಾರ್ಟ್‌ಫರ್ಡ್ ನಗರದ ಕೋಲ್ಟ್ ಕಾರ್ಖಾನೆಗೆ ಒಂದು ಪತ್ರ ಹೋಯಿತು. ಬರೆದವನು ಬ್ಯಾಟ್ ಮಾಸ್ಟರ್‌ಸನ್, ಹಿಂದೆ ಆ ಸೀಮೆಯ ಷರೀಫನಾಗಿದ್ದವನು. ಬರೆದ ಕಾಗದ ಒಂದು ಮದ್ಯದಂಗಡಿಯದು. ತನಗೊಂದು ಹೊಸ ರಿವಾಲ್ವರ್ ಬೇಕು, ಅದು.45 ಅಳತೆಯದಾಗಿರಬೇಕು, ನಿಕ್ಕಲ್ ಲೇಪ ಇರಬೇಕು, ಟ್ರಿಗರ್ ಹಗುರವಾಗಿರಬೇಕು, ನಳಿಗೆ ಗಿಡ್ಡವಾಗಿರಬೇಕು, ಗುರಿ ಹಿಡಿಯುವ ಮುಂದಿನ ಮೊನೆ ಸ್ವಲ್ಪ ದಪ್ಪಗೆ, ಎತ್ತರವಾಗಿರಬೇಕು ಎಂದು ಆತ ವಿವರವಾಗಿ ಕೇಳಿದ್ದಾನೆ. ದರ್ಜಿಗೆ ಅಂಗಿಯ ಅಳತೆ ಕೊಟ್ಟ ಹಾಗೆ!

ಕೌಬಾಯ್ ಚಿತ್ರಗಳಲ್ಲಿ ನಾಯಕನ ಸೊಂಟಕ್ಕೆ ತೂಗುವ ಪಿಸ್ತೂಲನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಅದನ್ನು ಯಾರೋ ಎಲ್ಲಿಂದಲೋ ಕೊಂಡು ತಂದಿರಬೇಕಲ್ಲವೇ? ಚಿತ್ರದಲ್ಲಿ ಆ ದೃಶ್ಯ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಕೊಳ್ಳುವವನು ಏನನ್ನು ನೋಡಿ ಕೊಂಡ, ಯಾವುದಕ್ಕೆ ಹಣ ಕೊಟ್ಟ ಎಂದು ಕೇಳಿದರೆ ಈ ವಸ್ತುವಿನ ನಿಜವಾದ ಚರಿತ್ರೆ ಹೊರಬರುತ್ತದೆ.

ಮೊದಲು ಅದರ ಯಂತ್ರವನ್ನು ತಿಳಿಯೋಣ. ಇದಕ್ಕೆ ಸಿಂಗಲ್ ಆಕ್ಷನ್ ರಿವಾಲ್ವರ್ ಎಂದು ಹೆಸರು. ಹೆಬ್ಬೆರಳಿನಿಂದ ಹ್ಯಾಮರನ್ನು ಹಿಂದಕ್ಕೆ ಎಳೆದಾಗ ಆರು ಮನೆಗಳ ಸಿಲಿಂಡರ್ ಒಂದು ಮನೆಯಷ್ಟು ತಿರುಗಿ ಹೊಸ ತೋಟಾ ನಳಿಗೆಯ ನೇರಕ್ಕೆ ಬರುತ್ತದೆ. ಆಮೇಲೆ ಟ್ರಿಗರಿಗೆ ಉಳಿಯುವುದು ಒಂದೇ ಕೆಲಸ, ಹ್ಯಾಮರನ್ನು ಬಿಡುವುದು. ಪ್ರತಿ ಗುಂಡಿಗೂ ಹೆಬ್ಬೆರಳು ಮತ್ತೆ ದುಡಿಯಲೇಬೇಕು. ಸ್ಯಾಮುಯೆಲ್ ಕೋಲ್ಟ್ ತಿರುಗುವ ಸಿಲಿಂಡರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಅವನ ಮೊದಲ ಕಂಪನಿ 1842ರಲ್ಲಿ ಮುಳುಗಿತು. 1847ರಲ್ಲಿ ಸರ್ಕಾರ ಒಂದು ಸಾವಿರ ರಿವಾಲ್ವರುಗಳಿಗೆ ಬೇಡಿಕೆ ಕೊಟ್ಟ ಮೇಲೆ ಅವನು ಮತ್ತೆ ಎದ್ದು ನಿಂತ. ಆಗಿನವು ಮದ್ದು, ಗುಂಡು ಬೇರೆ ಬೇರೆಯಾಗಿ ತುಂಬುವಂಥವು. ಲೋಹದ ತೋಟಾವನ್ನು ಸಿಲಿಂಡರಿನ ಹಿಂಬದಿಯಿಂದ ತೂರಿಸುವ ವಿಧಾನದ ಪೇಟೆಂಟ್ ರಾಲಿನ್ ವೈಟ್ ಎಂಬುವನದಾಗಿತ್ತು, ಅದರ ಹಕ್ಕು ಪ್ರತಿಸ್ಪರ್ಧಿಗಳಾದ ಸ್ಮಿತ್ ಅಂಡ್ ವೆಸ್ಸನ್ನರ ಕೈಯಲ್ಲಿತ್ತು. 1869ರಲ್ಲಿ ಅದರ ಅವಧಿ ಮುಗಿಯಿತು. 1873ರಲ್ಲಿ ಕೋಲ್ಟ್ ಕಂಪನಿಯ ಸಿಂಗಲ್ ಆಕ್ಷನ್ ಆರ್ಮಿ ಎಂಬ ಮಾದರಿಯನ್ನು ಸೈನ್ಯ ಒಪ್ಪಿಕೊಂಡಿತು. ಅದನ್ನು ನೋಡಲು ಸ್ಯಾಮುಯೆಲ್ ಕೋಲ್ಟ್ ಇರಲಿಲ್ಲ, 1862ರಲ್ಲೇ ತೀರಿಕೊಂಡಿದ್ದ.

ಊರಿನಿಂದ ದೂರ ದನ ಕಾಯುವವನಿಗೆ ಪಿಸ್ತೂಲಿಗಿಂತ ತೋಟಾದ ಚಿಂತೆಯೇ ದೊಡ್ಡದು. ಅದೇ 1873ರಲ್ಲಿ ಬಂದ ವಿಂಚೆಸ್ಟರ್ ರೈಫಲ್ ಬಳಸುತ್ತಿದ್ದ ತೋಟಾವನ್ನೇ ಹಾಕಬಹುದಾದ ರಿವಾಲ್ವರನ್ನು ಕೆಲವೇ ವರ್ಷಗಳಲ್ಲಿ ಕೋಲ್ಟ್ ಹೊರತಂದಿತು. ಒಂದೇ ಚೀಲದ ತೋಟಾ ಎರಡಕ್ಕೂ ಆಗುತ್ತಿತ್ತು. ನಿಕ್ಕಲ್ ಹೊಳಪಿಗಿಂತ ಇಂಥ ಅನುಕೂಲವೇ ಗಿರಾಕಿಯನ್ನು ಹೆಚ್ಚು ಸೆಳೆದಿರಬೇಕು ಎಂದು ನನಗನ್ನಿಸುತ್ತದೆ.

ಈಗ ವಿಚಿಟಾ ನಗರಕ್ಕೆ ಬನ್ನಿ. 1876ರ ಜನವರಿ. ಅಲ್ಲಿ ಪೊಲೀಸನಾಗಿದ್ದ ವಯಟ್ ಅರ್ಪ್, ಮುಂದೆ ಸಿನಿಮಾಗಳ ಮಹಾ ಗುರಿಕಾರನಾದವನು, ಒಂದು ಮದ್ಯದಂಗಡಿಯ ಹಿಂಕೋಣೆಯಲ್ಲಿ ಕುಳಿತಿದ್ದ. ಚೀಲದಿಂದ ಜಾರಿದ ರಿವಾಲ್ವರ್ ಬಿದ್ದು ಹಾರಿತು. ಗುಂಡು ಅವನ ಕೋಟನ್ನು ತೂರಿ, ಗೋಡೆಗೆ ತಗುಲಿ, ಮಾಳಿಗೆಯಿಂದ ಹೊರಹೋಯಿತು. ಊರಿನ ಪತ್ರಿಕೆ ಇದನ್ನು ವರದಿ ಮಾಡಿತು. ಸಿನಿಮಾ ಮಾತ್ರ ಈ ಪ್ರಸಂಗವನ್ನು ಮರೆತಂತಿದೆ.

ಇದು ಹೇಗಾಯಿತು? ಈ ಜಾತಿಯ ರಿವಾಲ್ವರುಗಳಲ್ಲಿ ಆರೂ ಮನೆ ತುಂಬಿದರೆ ಹ್ಯಾಮರ್ ಒಂದು ಜೀವಂತ ತೋಟಾದ ಮೇಲೆಯೇ ಕುಳಿತಿರುತ್ತದೆ. ಮೇಲಿನಿಂದ ಪೆಟ್ಟು ಬಿದ್ದರೆ ಟ್ರಿಗರ್ ಮುಟ್ಟದೆಯೇ ಗುಂಡು ಹಾರುತ್ತದೆ. ಕೋಲ್ಟ್‌ನಲ್ಲಿ ಹ್ಯಾಮರನ್ನು ತುಸು ಹಿಂದೆ ತಡೆದು ನಿಲ್ಲಿಸಲು ಒಂದು ಸಣ್ಣ ಕಚ್ಚು ಇತ್ತು, ಆದರೆ ಜೋರು ಪೆಟ್ಟಿಗೆ ಅದು ಮುರಿಯಬಹುದಾಗಿತ್ತು. ಆದ್ದರಿಂದ ತಿಳಿದವರು ಆರು ಮನೆಯಲ್ಲಿ ಐದನ್ನು ಮಾತ್ರ ತುಂಬಿ, ಖಾಲಿ ಮನೆಯ ಮೇಲೆ ಹ್ಯಾಮರ್ ಇಳಿಸುತ್ತಿದ್ದರು. ಈ ಮಾತು ಪಿಸ್ತೂಲಿನ ಮೇಲೆ ಎಲ್ಲಿಯೂ ಕೆತ್ತಿರಲಿಲ್ಲ. ಮಾರುವವನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಳೆಯದನ್ನು ಕೊಳ್ಳುವವನ ಕಥೆ ಇನ್ನೂ ಸ್ವಾರಸ್ಯದ್ದು. ನಮ್ಮ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ಹಿಡಿದು ನೋಡುವಂತೆ ಅಲ್ಲಿ ಹ್ಯಾಮರನ್ನು ಮೆಲ್ಲಗೆ ಎಳೆದು ಕಿವಿಗೊಟ್ಟು ಕೇಳುತ್ತಾರೆ. ಸರಿಯಾದ ಹಳೆಯ ಕೋಲ್ಟ್‌ನಲ್ಲಿ ನಾಲ್ಕು ಸಲ ‘ಕ್ಲಿಕ್’ ಎನ್ನಬೇಕು. ಕಂಪನಿಯ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನೇ ಅದು ಹೇಳುತ್ತದೆ ಎಂದು ಅಭಿಮಾನಿಗಳು ತಮಾಷೆ ಮಾಡುವುದುಂಟು. ಸಿಲಿಂಡರ್ ಅಲ್ಲಾಡುತ್ತದೆಯೇ, ನಳಿಗೆಯ ಒಳಗೆ ತುಕ್ಕು ತಿಂದಿದೆಯೇ ಎಂಬುದನ್ನೂ ನೋಡಬೇಕು. ಹತ್ತೊಂಬತ್ತನೆಯ ಶತಮಾನದವು ಕರಿಮದ್ದಿಗಾಗಿ ಮಾಡಿದಂಥವು. ಹೊಗೆಯಿಲ್ಲದ ಹೊಸ ಮದ್ದಿಗೆ ಕೋಲ್ಟ್ ಕಂಪನಿ ಭರವಸೆ ಕೊಡತೊಡಗಿದ್ದು 1900ರ ಸುಮಾರಿಗೆ. ಅದಕ್ಕೆ ಹಿಂದಿನದರಲ್ಲಿ ಹೊಸ ತೋಟಾ ಹಾಕಿದರೆ ಸಿಲಿಂಡರೇ ಒಡೆದು ಕೈ ಹೋದೀತು.

ಕ್ರಮಸಂಖ್ಯೆಯೂ ಮುಖ್ಯ. ಬಿಡಿಭಾಗಗಳ ಮೇಲಿನ ಸಂಖ್ಯೆಗಳು ಹೊಂದಿದರೆ ಬೆಲೆ ಹೆಚ್ಚು. ಆದರೆ ಸೈನ್ಯದ ಕೆಲವು ರಿವಾಲ್ವರುಗಳಲ್ಲಿ ಅವು ಹೊಂದುವುದೇ ಇಲ್ಲ. 1890ರ ದಶಕದ ಮಧ್ಯದಿಂದ ಸರ್ಕಾರ ಹಳೆಯವನ್ನು ಒಟ್ಟು ಹಾಕಿ, ಬಿಚ್ಚಿ, ಏಳೂವರೆ ಅಂಗುಲದ ನಳಿಗೆಯನ್ನು ಐದೂವರೆಗೆ ಇಳಿಸಿ, ಸಿಕ್ಕ ಭಾಗಗಳನ್ನು ಸಿಕ್ಕಂತೆ ಜೋಡಿಸಿ ಮತ್ತೆ ಹಂಚಿತು. 1892ರಲ್ಲಿ ಸೈನ್ಯ ಒಪ್ಪಿದ್ದ ಹೊಸ .38 ರಿವಾಲ್ವರಿನ ಏಟು ಸಾಲದು ಎಂದು ಫಿಲಿಪ್ಪೀನ್ಸ್ ಯುದ್ಧದಲ್ಲಿ ದೂರು ಬಂದಾಗ ಈ ಕಲಬೆರಕೆ ಮುದುಕರೇ ಮತ್ತೆ ಕಣಕ್ಕಿಳಿದರು. ಇವುಗಳಲ್ಲಿ ಬೇರೆ ಬೇರೆ ಸಂಖ್ಯೆ ಇರುವುದು ದೋಷವಲ್ಲ. ಸಂಖ್ಯೆಗಳೆಲ್ಲ ಹೊಂದಿದರೆ ನಡುವೆ ಯಾರಾದರೂ ಕೈಯಾಡಿಸಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಕೈಯಾಡಿಸುವವರಿಗೆ ಕೊರತೆಯೂ ಇಲ್ಲ. 1876ರ ಜೂನ್‌ನಲ್ಲಿ ಲಿಟ್ಲ್ ಬಿಗ್‌ಹಾರ್ನ್ ನದಿಯ ಬಳಿ ಲಕೋಟಾ, ಷೈಯೆನ್ ಜನರು ಕಸ್ಟರನ ಸೈನ್ಯವನ್ನು ಸೋಲಿಸಿದರಷ್ಟೆ. ಅವನ ಏಳನೆಯ ಅಶ್ವದಳದ ಕೈಯಲ್ಲಿದ್ದದ್ದು ಎಂದು ತೋರಿಸಿಕೊಟ್ಟರೆ ಒಂದು ಕೋಲ್ಟ್‌ಗೆ ಹಲವು ಪಟ್ಟು ಬೆಲೆ. ಆದ್ದರಿಂದ ಸುಳ್ಳು ಮುದ್ರೆಗಳೂ ಹುಟ್ಟಿವೆ. ನಮ್ಮ ಮಾಸ್ಟರ್‌ಸನ್ ಮುಂದೆ ನ್ಯೂಯಾರ್ಕಿನಲ್ಲಿ ಪತ್ರಿಕೆಗೆ ಕ್ರೀಡಾ ಅಂಕಣ ಬರೆಯುತ್ತಿದ್ದ. ‘ನಿಮ್ಮ ಪಿಸ್ತೂಲು ಮಾರಿ’ ಎಂದು ಕಾಡುವವರಿಗೆ ಆತ ಗಿರವಿ ಅಂಗಡಿಯಿಂದ ಹಳೆಯದೊಂದನ್ನು ತಂದು, ಹಿಡಿಯ ಮೇಲೆ ಕಚ್ಚು ಹಾಕಿ ಮಾರುತ್ತಿದ್ದನೆಂಬ ಕಥೆಯಿದೆ. ಕೊಂಡವರಿಗೆ ಬೇಕಾಗಿದ್ದದ್ದು ಕಬ್ಬಿಣವಲ್ಲ, ಕಚ್ಚು. ಇಂಥ ಮೋಸ ಹಿಡಿಯಲು ಕಾರ್ಖಾನೆಯ ಹಳೆಯ ಕಡತಗಳೇ ಆಧಾರ. ಆ ಸಂಖ್ಯೆಯ ಪಿಸ್ತೂಲು ಯಾವಾಗ, ಯಾರಿಗೆ ಹೋಯಿತೆಂದು ಕೋಲ್ಟ್ ಕಂಪನಿ ಶುಲ್ಕ ಪಡೆದು ಬರೆದು ಕೊಡುತ್ತದೆ.

ಸುಮಾರು ಮೂರೂವರೆ ಲಕ್ಷ ತಯಾರಿಸಿದ ಮೇಲೆ ಎರಡನೆಯ ಮಹಾಯುದ್ಧದ ಆರಂಭದ ವರ್ಷಗಳಲ್ಲಿ ಕೋಲ್ಟ್ ಈ ಮಾದರಿಯನ್ನು ನಿಲ್ಲಿಸಿತು. ಅದರ ಕಾಲ ಮುಗಿಯಿತೆಂದೇ ಎಲ್ಲರೂ ಎಣಿಸಿದ್ದರು. ಮತ್ತೆ ಬದುಕಿಸಿದ್ದರಲ್ಲಿ ದೂರದರ್ಶನದ ಪೆಟ್ಟಿಗೆಯ ಪಾಲು ದೊಡ್ಡದು! 1950ರ ದಶಕದಲ್ಲಿ ಅಮೆರಿಕದ ಮನೆಮನೆಯಲ್ಲೂ ಕೌಬಾಯ್ ಧಾರಾವಾಹಿಗಳು ತುಂಬಿದವು. 1955ರಲ್ಲಿ ಆರಂಭವಾದ ‘ಗನ್‌ಸ್ಮೋಕ್’ 1975ರವರೆಗೆ ನಡೆಯಿತು. ತೆರೆಯ ಮೇಲೆ ಕಂಡದ್ದು ಕೈಗೂ ಬೇಕೆಂದು ಜನ ಅಂಗಡಿಗೆ ಹೋದರು. ರೂಗರ್ ಎಂಬ ಹೊಸ ಕಂಪನಿ 1953ರಲ್ಲಿ ಸಿಂಗಲ್ ಸಿಕ್ಸ್, 1955ರಲ್ಲಿ ಬ್ಲ್ಯಾಕ್‌ಹಾಕ್ ಎಂಬ ಮಾದರಿಗಳನ್ನು ತಂದಿತು. ಹಳೆಯ ಕೋಲ್ಟ್‌ನ ಮುರಿಯುವ ಪಟ್ಟಿ ಸ್ಪ್ರಿಂಗುಗಳ ಬದಲು ಇವುಗಳಲ್ಲಿ ಸುರುಳಿ ಸ್ಪ್ರಿಂಗುಗಳಿದ್ದವು. 1956ರಲ್ಲಿ ಕೋಲ್ಟ್ ಕೂಡ ತಯಾರಿಕೆಯನ್ನು ಮತ್ತೆ ಆರಂಭಿಸಿತು. ಇಟಲಿಯ ಊಬೆರ್ತಿಯಂಥ ಕಾರ್ಖಾನೆಗಳು ತದ್ರೂಪಗಳನ್ನು ಮಾಡತೊಡಗಿದವು.

ಆದರೆ ಐದು ಗುಂಡಿನ ಪಾಠ ಧಾರಾವಾಹಿಗಳಲ್ಲಿ ಇರಲಿಲ್ಲ. ಹೊಸಬರು ಆರೂ ತುಂಬಿದರು, ಪಿಸ್ತೂಲುಗಳು ಬಿದ್ದವು, ಜನ ಗಾಯಗೊಂಡರು, ನ್ಯಾಯಾಲಯಕ್ಕೂ ಹೋದರು. 1973ರಲ್ಲಿ ರೂಗರ್ ತನ್ನ ಮಾದರಿಗಳ ಒಳಗನ್ನೇ ಬದಲಿಸಿತು. ಹ್ಯಾಮರ್ ಮತ್ತು ತೋಟಾ ಹೊಡೆಯುವ ಕಡ್ಡಿಯ ನಡುವೆ ಒಂದು ಸಣ್ಣ ಪಟ್ಟಿ. ಟ್ರಿಗರನ್ನು ಪೂರ್ತಿ ಎಳೆದರೆ ಮಾತ್ರ ಅದು ಮೇಲಕ್ಕೆ ಬಂದು ಪೆಟ್ಟನ್ನು ದಾಟಿಸುತ್ತದೆ. ಬಿದ್ದರೆ ಹಾರುವುದಿಲ್ಲ, ಆರೂ ತುಂಬಬಹುದು. ನೂರು ವರ್ಷದ ತೊಡಕು ಬೆರಳುದ್ದದ ಉಕ್ಕಿನಿಂದ ಬಗೆಹರಿಯಿತು. 1982ರಲ್ಲಿ ಕಂಪನಿ, ಹಳೆಯ ಮಾದರಿಗಳನ್ನು ಕಳಿಸಿದರೆ ಉಚಿತವಾಗಿ ಈ ಬಗೆಯ ರಕ್ಷಣೆ ಅಳವಡಿಸಿ ಕೊಡುವುದಾಗಿ ಸಾರಿತು.

ಎಲ್ಲರೂ ಕಳಿಸಲಿಲ್ಲ. ಸಂಗ್ರಹಕಾರರಿಗೆ ಕಾರ್ಖಾನೆಯಿಂದ ಮೊದಲು ಬಂದ ಸ್ಥಿತಿಯೇ ಪ್ರಿಯ. ಒಳಗಿನ ಭಾಗ ಬದಲಾದರೆ ಬೆಲೆ ಇಳಿಯುತ್ತದೆ. ಹೀಗಾಗಿ ಬಳಸಿದ ರಿವಾಲ್ವರುಗಳ ಪೇಟೆಯಲ್ಲಿ ಬಿದ್ದರೆ ಹಾರಬಲ್ಲದ್ದಕ್ಕೆ ಹೆಚ್ಚು ಬೆಲೆ, ಹಾರದಂತೆ ಸರಿಪಡಿಸಿದ್ದಕ್ಕೆ ಕಡಿಮೆ. ಕಂಪನಿ ಕಳಚಿದ ಹಳೆಯ ಭಾಗಗಳನ್ನೂ ಮಾಲೀಕನಿಗೆ ಹಿಂದಕ್ಕೆ ಕಳಿಸುತ್ತದೆ. ಸರಿಪಡಿಸಿದ ರೂಗರನ್ನು ಕೊಳ್ಳಲು ಹೋದವನು ಮಾರುವವನನ್ನು ಮೊದಲು ಕೇಳುವುದು ಆ ಭಾಗಗಳನ್ನೇ. ಅವು ಜೊತೆಗಿದ್ದರೆ ಬೆಲೆ ಮತ್ತೆ ತುಸು ಏರುತ್ತದೆ.